ಅಫಿಲಿಯೇಟ್ ಸೈಟ್‌ನ ಆದಾಯ ಏರಬೇಕೆ? ಹೊಸ ಲೇಖನ ಬದಿಗಿಡಿ, ಹಳೆಯ ಪುಟ ತೆರೆಯಿರಿ

‘ಸೈಟಿಗೆ ಜನ ಬರ್ತಾರೆ, ಲಿಂಕೂ ಹಾಕಿದ್ದೀನಿ, ಕಮಿಷನ್ ಮಾತ್ರ ಏರ್ತಾ ಇಲ್ಲ. ಏನು ಮಾಡಲಿ?’ ಅಫಿಲಿಯೇಟ್ ಸೈಟ್ ನಡೆಸುವ, ಅಂದರೆ ಬೇರೆಯವರ ಸರಕಿಗೆ ಲಿಂಕ್ ಕೊಟ್ಟು ಅದರಿಂದಾದ ಮಾರಾಟಕ್ಕೆ ಕಮಿಷನ್ ಪಡೆಯುವ ಓದುಗರಿಂದ ಪದೇಪದೇ ಬರುವ ಪ್ರಶ್ನೆ ಇದು. ಕೇಳುವವರಲ್ಲಿ ಹೆಚ್ಚಿನವರು ಉತ್ತರವನ್ನೂ ತಾವೇ ಊಹಿಸಿಕೊಂಡಿರುತ್ತಾರೆ: ಇನ್ನಷ್ಟು ಟ್ರಾಫಿಕ್ ಬೇಕು, ಅದಕ್ಕೆ ಇನ್ನಷ್ಟು ಲೇಖನ ಬರೆಯಬೇಕು. ನನ್ನ ಅಭಿಪ್ರಾಯ ಬೇರೆ. ಈಗ ಬರುತ್ತಿರುವವರೇ ಎಲ್ಲಿ ಕೈತಪ್ಪುತ್ತಿದ್ದಾರೆ ಎಂದು ಗೊತ್ತಿಲ್ಲದೆ ಹೊಸಬರನ್ನು ಕರೆತರುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಈ ಮಾರ್ಗದರ್ಶಿ ಸೈಟ್ ಶುರುಮಾಡಿ ಕೆಲವು ತಿಂಗಳಾದರೂ ಕಳೆದಿರುವವರಿಗೆ. ಸ್ವಲ್ಪ ಓದುಗರು, ಒಂದಿಷ್ಟು ಲೇಖನ, ಅಲ್ಲೊಂದು ಇಲ್ಲೊಂದು ಕಮಿಷನ್ ಬಂದಿರಬೇಕು. ಏನೂ ಇಲ್ಲದ ಸೈಟಿನಲ್ಲಿ ತಿದ್ದಲು ಏನೂ ಇರುವುದಿಲ್ಲ.

ಕೆಲಸಕ್ಕೆ ಮೊದಲು ಕೈಯಲ್ಲಿರಬೇಕಾದದ್ದು

ಗೂಗಲ್ ಸರ್ಚ್ ಕನ್ಸೋಲ್ ಖಾತೆ, ಯಾವುದಾದರೂ ಒಂದು ಅನಲಿಟಿಕ್ಸ್ (ಸೈಟಿಗೆ ಬಂದವರ ಲೆಕ್ಕ ಇಡುವ ಸಾಧನ), ನೀವು ಸೇರಿರುವ ಅಫಿಲಿಯೇಟ್ ಪ್ರೋಗ್ರಾಮ್‌ಗಳ ವರದಿ, ಒಂದು ಸ್ಪ್ರೆಡ್‌ಶೀಟ್. ಇಷ್ಟು ಸಾಕು. ಸರ್ಚ್ ಕನ್ಸೋಲ್ ಉಚಿತ. ಯಾವ ಹುಡುಕಾಟದಿಂದ ಯಾವ ಪುಟಕ್ಕೆ ಜನ ಬಂದರು ಎಂಬುದನ್ನು 16 ತಿಂಗಳವರೆಗೆ ಇಟ್ಟುಕೊಂಡಿರುತ್ತದೆ. ಹಣ ಕೊಟ್ಟು ಕೊಳ್ಳುವ ಕೀವರ್ಡ್ ಸಾಧನಗಳು ಆಮೇಲೆ ನೋಡಿದರಾಯಿತು.

ಹಂತ 1: ಆದಾಯವನ್ನು ನಾಲ್ಕು ತುಂಡು ಮಾಡಿ

ಅಫಿಲಿಯೇಟ್ ಆದಾಯ ಎಂದರೆ ನಾಲ್ಕು ಸಂಖ್ಯೆಗಳ ಗುಣಲಬ್ಧ. ಪುಟಕ್ಕೆ ಬಂದವರು ಎಷ್ಟು, ಅವರಲ್ಲಿ ಲಿಂಕ್ ಒತ್ತಿದವರು ಎಷ್ಟು, ಒತ್ತಿದವರಲ್ಲಿ ಕೊಂಡವರು ಎಷ್ಟು, ಒಂದು ಮಾರಾಟಕ್ಕೆ ಸಿಗುವ ಸರಾಸರಿ ಕಮಿಷನ್ ಎಷ್ಟು. ಕೊಂಡವರ ಪ್ರಮಾಣಕ್ಕೆ ಕನ್ವರ್ಷನ್ ಎನ್ನುತ್ತಾರೆ.

ಉದಾಹರಣೆಗೆ ತಿಂಗಳಿಗೆ 10,000 ಜನ ಬರುತ್ತಾರೆ ಎಂದುಕೊಳ್ಳಿ. ನೂರಕ್ಕೆ 4 ಜನ ಲಿಂಕ್ ಒತ್ತಿದರೆ 400 ಕ್ಲಿಕ್. ಅದರಲ್ಲಿ ನೂರಕ್ಕೆ 3 ಜನ ಕೊಂಡರೆ 12 ಮಾರಾಟ. ಈಗ ಓದುಗರ ಸಂಖ್ಯೆ ಮುಟ್ಟಬೇಡಿ. ಲಿಂಕ್ ಒತ್ತುವವರನ್ನು 4ರಿಂದ 6ಕ್ಕೆ, ಕೊಳ್ಳುವವರನ್ನು 3ರಿಂದ 4ಕ್ಕೆ ಏರಿಸಿ ನೋಡಿ: 600 ಕ್ಲಿಕ್, 24 ಮಾರಾಟ. ಒಬ್ಬನೇ ಒಬ್ಬ ಹೊಸ ಓದುಗ ಬಾರದೆ ಆದಾಯ ಎರಡು ಪಟ್ಟು. ಇದೇ ಎರಡು ಪಟ್ಟನ್ನು ಟ್ರಾಫಿಕ್‌ನಿಂದಲೇ ಪಡೆಯಬೇಕೆಂದರೆ ಇನ್ನೂ 10,000 ಜನರನ್ನು ತರಬೇಕು.

ಈ ಲೆಕ್ಕವನ್ನು ಇಡೀ ಸೈಟಿಗೆ ಮಾಡಿದರೆ ಪ್ರಯೋಜನ ಕಡಿಮೆ. ಪುಟಪುಟಕ್ಕೂ ಮಾಡಬೇಕು. ಅದಕ್ಕೆ ಎರಡನೇ ಹಂತ.

ಹಂತ 2: ಪ್ರತಿ ಲಿಂಕಿಗೂ ಒಂದು ಗುರುತು ಕೊಡಿ

ಯಾವ ಲೇಖನದಿಂದ ಯಾವ ಮಾರಾಟವಾಯಿತು ಎಂಬುದು ಬಹಳ ಜನರಿಗೆ ಗೊತ್ತೇ ಇರುವುದಿಲ್ಲ. ತಿಂಗಳ ಕೊನೆಗೆ ಒಂದು ಮೊತ್ತ ಕಾಣುತ್ತದೆ, ಅಷ್ಟೇ. ಬಹುತೇಕ ಅಫಿಲಿಯೇಟ್ ನೆಟ್‌ವರ್ಕ್‌ಗಳು (ಅಂಗಡಿಗೂ ಸೈಟಿಗೂ ನಡುವೆ ನಿಂತು ಲಿಂಕ್, ಕಮಿಷನ್ ನೋಡಿಕೊಳ್ಳುವ ಸಂಸ್ಥೆಗಳು) ಸಬ್-ಐಡಿ ಎಂಬ ಸೌಲಭ್ಯ ಕೊಡುತ್ತವೆ. ಲಿಂಕಿನ ಬಾಲಕ್ಕೆ ನೀವೇ ಸೇರಿಸುವ ಪುಟ್ಟ ಗುರುತು ಅದು. ಮಾರಾಟವಾದಾಗ ವರದಿಯಲ್ಲಿ ಅದೇ ಗುರುತು ಕಾಣಿಸುತ್ತದೆ. ಅಮೆಜಾನ್‌ನ ಅಫಿಲಿಯೇಟ್ ಪ್ರೋಗ್ರಾಮ್ ಆದ ಅಮೆಜಾನ್ ಅಸೋಸಿಯೇಟ್ಸ್‌ನಲ್ಲಿ ಇದೇ ಕೆಲಸವನ್ನು ಟ್ರ್ಯಾಕಿಂಗ್ ಐಡಿ ಮಾಡುತ್ತದೆ. ಒಂದೇ ಖಾತೆಯಲ್ಲಿ ಹಲವು ಐಡಿ ಮಾಡಿಕೊಳ್ಳಬಹುದು.

ಗುರುತಿನಲ್ಲಿ ಎರಡು ಸಂಗತಿ ಇದ್ದರೆ ಸಾಕು: ಯಾವ ಪುಟ, ಪುಟದಲ್ಲಿ ಯಾವ ಜಾಗ. ನಿಮ್ಮ ಸೈಟ್ ಪ್ರಿಂಟರ್‌ಗಳ ಬಗ್ಗೆ ಎಂದುಕೊಳ್ಳಿ. ‘ಪ್ರಿಂಟರ್-ಕೋಷ್ಟಕ’, ‘ಪ್ರಿಂಟರ್-ಮೊದಲ ಪ್ಯಾರಾ’, ‘ಪ್ರಿಂಟರ್-ಕೊನೆ’ ಎಂಬ ಅರ್ಥ ಬರುವಂತೆ ಚಿಕ್ಕ ಸಂಕೇತ ಇಟ್ಟುಕೊಳ್ಳಿ. ಒಂದು ತಿಂಗಳು ಹೀಗೆ ಬಿಟ್ಟರೆ, ನೀವು ಕಷ್ಟಪಟ್ಟು ಬಣ್ಣ ಬಳಿದ ದೊಡ್ಡ ಬಟನ್ನಿಗಿಂತ ಮೂರನೇ ಪ್ಯಾರಾದ ಸಾದಾ ಲಿಂಕೇ ಹೆಚ್ಚು ದುಡಿಯುತ್ತಿರುವುದು ಕಂಡರೂ ಕಾಣಬಹುದು.

ಎಚ್ಚರಿಕೆ: ಓದುಗರ ಹೆಸರು, ಇಮೇಲ್‌ನಂಥ ವೈಯಕ್ತಿಕ ವಿವರವನ್ನು ಸಬ್-ಐಡಿಯಲ್ಲಿ ತುಂಬಬೇಡಿ. ನೆಟ್‌ವರ್ಕ್‌ಗಳ ನಿಯಮಕ್ಕೂ ಅದು ವಿರುದ್ಧ, ಖಾಸಗಿತನದ ಕಾನೂನುಗಳಿಗೂ ತೊಡಕು.

ಹಂತ 3: ತಿದ್ದಬೇಕಾದ ಪುಟಗಳನ್ನು ಆರಿಸಿ

ಎಲ್ಲವನ್ನೂ ತಿದ್ದಲು ಹೊರಟರೆ ಯಾವುದೂ ಮುಗಿಯುವುದಿಲ್ಲ. ಐದಾರು ಪುಟ ಸಾಕು. ಆಯ್ಕೆಗೆ ನೋಡಬೇಕಾದದ್ದು ಓದುಗರ ಸಂಖ್ಯೆಗಿಂತ ಅವರ ಉದ್ದೇಶ.

‘ಟೋನರ್ (ಲೇಸರ್ ಪ್ರಿಂಟರ್‌ನ ಶಾಯಿಪುಡಿ) ಎಂದರೇನು’ ಎಂದು ಹುಡುಕಿ ಬಂದವರು ಉತ್ತರ ಸಿಕ್ಕ ಕೂಡಲೇ ಹೊರಡುತ್ತಾರೆ. ಈಚೆಗಂತೂ ಇಂಥ ಪ್ರಶ್ನೆಗೆ ಹುಡುಕಾಟದ ಪುಟದಲ್ಲೇ ಉತ್ತರ ಸಿಗುವುದರಿಂದ ಎಷ್ಟೋ ಜನ ನಿಮ್ಮ ಸೈಟಿನವರೆಗೆ ಬರುವುದೂ ಇಲ್ಲ. ‘ಚಿಕ್ಕ ಕಚೇರಿಗೆ ಯಾವ ಲೇಸರ್ ಪ್ರಿಂಟರ್’ ಎಂದು ಹುಡುಕಿದವರು ಕೊಳ್ಳಲು ತಯಾರಾಗಿಯೇ ಬಂದಿರುತ್ತಾರೆ. ‘ಇದೋ ಅದೋ’ ಎಂಬ ಹೋಲಿಕೆ, ‘ಇದಕ್ಕೆ ಬದಲಿ ಏನು’, ‘ಇದರ ಸಮಸ್ಯೆಗಳೇನು’ ಎಂಬ ಹುಡುಕಾಟಗಳೂ ಅದೇ ಜಾತಿ. ಎರಡನೇ ಬಗೆಯ ಪುಟಕ್ಕೆ 300 ಜನ ಬಂದರೂ ಮೊದಲ ಬಗೆಯ 5,000 ಜನರ ಪುಟವನ್ನು ಮೀರಿಸುವುದು ಅಪರೂಪವಲ್ಲ.

ಸರ್ಚ್ ಕನ್ಸೋಲ್‌ನಲ್ಲಿ ಕಾರ್ಯಕ್ಷಮತೆಯ ವರದಿ ತೆರೆಯಿರಿ. ಹುಡುಕಾಟದ ಫಲಿತಾಂಶದಲ್ಲಿ ನಿಮ್ಮ ಸರಾಸರಿ ಸ್ಥಾನ 5ರಿಂದ 15ರ ನಡುವೆ ಇರುವ, ಕೊಳ್ಳುವ ಉದ್ದೇಶದ ಹುಡುಕಾಟಗಳನ್ನೂ ಅವುಗಳಲ್ಲಿ ಕಾಣುವ ನಿಮ್ಮ ಪುಟಗಳನ್ನೂ ಹೆಕ್ಕಿ. ಗೂಗಲ್ ಈ ಪುಟಗಳನ್ನು ಆಗಲೇ ಗಂಭೀರವಾಗಿ ತೆಗೆದುಕೊಂಡಿದೆ, ಮೇಲಕ್ಕೆ ತಂದಿಲ್ಲ ಅಷ್ಟೆ. ಇವುಗಳ ಜೊತೆಗೆ, ಓದುಗರು ಚೆನ್ನಾಗಿ ಬಂದರೂ ಅಫಿಲಿಯೇಟ್ ಲಿಂಕ್ ಒತ್ತುವವರು ಕಡಿಮೆ ಇರುವ ಒಂದೆರಡು ಪುಟ ಸೇರಿಸಿ. ಪಟ್ಟಿ ಸಿದ್ಧ.

ಹೆಚ್ಚು ಓದುಗರಿರುವ ಮಾಹಿತಿ ಲೇಖನಗಳನ್ನು ಅಳಿಸಬೇಕೆ? ಬೇಡ. ಅವುಗಳಿಂದ ಕೊಳ್ಳುವ ಪುಟಗಳಿಗೆ ಒಳಲಿಂಕ್ ಕೊಡಿ. ಟೋನರ್ ಬಗ್ಗೆ ಓದುತ್ತಿರುವವರಲ್ಲಿ ಒಂದಿಷ್ಟು ಜನರ ಪ್ರಿಂಟರ್ ಹಾಳಾಗಿರುತ್ತದೆ.

ಹಂತ 4: ಪುಟವನ್ನು ತಿದ್ದಿ (ನಿಜವಾದ ಕೆಲಸ ಇಲ್ಲಿದೆ)

ಈ ಹಂತಕ್ಕೆ ಹೆಚ್ಚು ಸಮಯ ಕೊಡಿ. ಉಳಿದವೆಲ್ಲ ಸೇರಿದರೂ ಇದರಷ್ಟು ಫಲ ಕೊಡುವುದಿಲ್ಲ.

ಮೊದಲಿಗೆ, ತೀರ್ಪನ್ನು ಮೇಲೆ ತನ್ನಿ. ಕೊಳ್ಳಲು ಬಂದವರಿಗೆ ಪ್ರಿಂಟರ್‌ನ ಇತಿಹಾಸ ಬೇಡ. ಪುಟ ತೆರೆದ ಕೂಡಲೇ, ಯಾರಿಗೆ ಯಾವುದು ಸೂಕ್ತ ಎಂದು ಎರಡು ಮೂರು ಸಾಲಿನಲ್ಲಿ ಹೇಳಿ, ಲಿಂಕ್ ಕೊಡಿ. ವಿವರ ಬೇಕಾದವರು ಕೆಳಗೆ ಓದುತ್ತಾರೆ.

ಎರಡನೆಯದು, ಹೊಗಳಿಕೆಯನ್ನು ಕಿತ್ತು ಕಾರಣ ಇಡಿ. ಈ ಎರಡು ಸಾಲು ಪಕ್ಕಪಕ್ಕ ಓದಿ:

‘ಈ ಲೇಸರ್ ಪ್ರಿಂಟರ್ ಅತ್ಯುತ್ತಮ ಗುಣಮಟ್ಟ ಹೊಂದಿದ್ದು ಎಲ್ಲರಿಗೂ ಸೂಕ್ತವಾಗಿದೆ.’

‘ತಿಂಗಳಿಗೆ ಒಂದೋ ಎರಡೋ ಸಲ ಮಾತ್ರ ಪ್ರಿಂಟ್ ತೆಗೆಯುವವರಾದರೆ ಇಂಕ್‌ಜೆಟ್ ಬೇಡ, ಬಳಸದೆ ಬಿಟ್ಟರೆ ಅದರ ಶಾಯಿ ನಳಿಕೆಯಲ್ಲೇ ಒಣಗುತ್ತದೆ. ಟೋನರ್ ಒಣಪುಡಿ, ಅದಕ್ಕೆ ಆ ತೊಂದರೆ ಇಲ್ಲ. ಆದರೆ ಫೋಟೋ ಪ್ರಿಂಟ್ ನಿಮಗೆ ಮುಖ್ಯವಾದರೆ ಈ ಲೇಸರ್ ನಿರಾಸೆ ಮಾಡುತ್ತದೆ.’

ಮೊದಲ ಸಾಲನ್ನು ಪೆಟ್ಟಿಗೆ ನೋಡದವರೂ ಬರೆಯಬಹುದು. ಎರಡನೆಯದು ಓದುಗರನ್ನು ಎರಡು ಗುಂಪು ಮಾಡುತ್ತದೆ. ತನಗೆ ಹೊಂದುತ್ತದೆ ಎಂದು ಖಾತ್ರಿಯಾದವರಷ್ಟೇ ಲಿಂಕ್ ಒತ್ತುತ್ತಾರೆ, ಒತ್ತಿದವರಲ್ಲಿ ಹೆಚ್ಚು ಜನ ಕೊಳ್ಳುತ್ತಾರೆ. ವಾಪಸ್ ಬರುವ ಮಾಲೂ ಕಡಿಮೆ. ಸರಕು ವಾಪಸಾದರೆ ನಿಮ್ಮ ಕಮಿಷನ್ನೂ ವಾಪಸ್ ಹೋಗುತ್ತದೆ ಎಂಬುದನ್ನು ಮರೆಯಬೇಡಿ. ‘ಯಾರು ಕೊಳ್ಳಬಾರದು’ ಎಂಬ ಪ್ಯಾರಾ ಬರೆಯಲು ಬಹಳ ಜನ ಹೆದರುತ್ತಾರೆ. ನನ್ನನ್ನು ಕೇಳಿದರೆ ಇಡೀ ಪುಟದಲ್ಲಿ ಹೆಚ್ಚು ದುಡಿಯುವ ಪ್ಯಾರಾ ಅದೇ.

ಮೂರನೆಯದು, ಪುರಾವೆ. ನೀವು ಬಳಸಿದ್ದರೆ ನಿಮ್ಮದೇ ಫೋಟೋ, ನೀವೇ ಅಳೆದ ಅಳತೆ ಹಾಕಿ. ಗೂಗಲ್ 2021ರ ಏಪ್ರಿಲ್‌ನಲ್ಲಿ ಉತ್ಪನ್ನ ವಿಮರ್ಶೆಗಳಿಗೆಂದೇ ಒಂದು ಅಪ್‌ಡೇಟ್ (ಪುಟಗಳಿಗೆ ಸ್ಥಾನ ಕೊಡುವ ವಿಧಾನದಲ್ಲಿ ಬದಲಾವಣೆ) ತಂದಿತು. 2023ರ ಏಪ್ರಿಲ್‌ನಲ್ಲಿ ಅದನ್ನು ಸೇವೆಗಳು ಮುಂತಾದ ಎಲ್ಲ ಬಗೆಯ ವಿಮರ್ಶೆಗಳಿಗೂ ಹಿಗ್ಗಿಸಿತು. ಅದರ ಸೂಚನೆಗಳು ಸ್ಪಷ್ಟ: ಸ್ವಂತ ಬಳಕೆಯ ಪುರಾವೆ ಕೊಡಿ, ಒಳ್ಳೆಯದು ಕೆಟ್ಟದ್ದು ಎರಡೂ ಹೇಳಿ, ಬದಲಿ ಉತ್ಪನ್ನಗಳ ಜೊತೆ ಹೋಲಿಸಿ, ಸಾಧ್ಯವಾದರೆ ಒಂದಕ್ಕಿಂತ ಹೆಚ್ಚು ಮಾರಾಟಗಾರರ ಲಿಂಕ್ ಕೊಡಿ. ಬಳಸಿಲ್ಲದಿದ್ದರೆ ಬಳಸಿದಂತೆ ನಟಿಸಬೇಡಿ. ತಯಾರಕರ ಕೈಪಿಡಿ ಓದಿ, ಕೊಂಡವರ ದೂರುಗಳನ್ನು ಗುಡ್ಡೆಹಾಕಿ, ‘ಇವುಗಳ ಆಧಾರದ ಮೇಲೆ ಹೇಳುತ್ತಿದ್ದೇನೆ’ ಎಂದು ಬರೆದರೂ ಅದಕ್ಕೊಂದು ಬೆಲೆ ಇದೆ.

ನಾಲ್ಕನೆಯದು, ಕೋಷ್ಟಕ. ಹೋಲಿಕೆಯ ಕೋಷ್ಟಕ ಒಳ್ಳೆಯದೇ, ಆದರೆ ಹದಿನೈದು ಮಾದರಿ ತುಂಬಿದರೆ ಓದುಗರು ಗೊಂದಲದಲ್ಲಿ ಪುಟ ಮುಚ್ಚುತ್ತಾರೆ. ಮೂರರಿಂದ ಐದು ಸಾಲು ಸಾಕು. ಕಂಪನಿಯವರ ತಾಂತ್ರಿಕ ವಿವರವನ್ನೆಲ್ಲ ನಕಲು ಮಾಡುವ ಬದಲು ತೀರ್ಮಾನ ಬದಲಿಸಬಲ್ಲ ಅಂಶಗಳನ್ನಷ್ಟೇ ಇಡಿ: ಒಂದು ಪುಟಕ್ಕೆ ಬೀಳುವ ಖರ್ಚು, ಎರಡೂ ಬದಿ ತಾನೇ ಮುದ್ರಿಸುತ್ತದೆಯೇ, ವೈಫೈ ಇದೆಯೇ. ಕೋಷ್ಟಕವನ್ನು ನಿಮ್ಮ ಫೋನಿನಲ್ಲಿ ತೆರೆದು ನೋಡಿ. ಲಿಂಕ್ ಇರುವ ಕೊನೆಯ ಕಾಲಂ ಪರದೆಯಾಚೆ ಅಡಗಿಕೊಂಡಿರುವ ಸೈಟ್‌ಗಳಿಗೆ ಲೆಕ್ಕವಿಲ್ಲ.

ಐದನೆಯದು, ಲಿಂಕಿನ ಮಾತು. ‘ಇಲ್ಲಿ ಕ್ಲಿಕ್ ಮಾಡಿ’ ಎಂಬುದು ಏನನ್ನೂ ಹೇಳುವುದಿಲ್ಲ. ‘ಈಗಿನ ಬೆಲೆ ನೋಡಿ’, ‘ಈ ಮಾದರಿಗೆ ಹೊಂದುವ ಟೋನರ್ ನೋಡಿ’ ಎಂದರೆ ಒತ್ತಿದಾಗ ಏನು ಸಿಗುತ್ತದೆಂದು ತಿಳಿಯುತ್ತದೆ. ಓದುಗರ ಮನಸ್ಸು ತೀರ್ಮಾನಕ್ಕೆ ಬರುವ ಜಾಗಗಳಲ್ಲಿ ಲಿಂಕ್ ಇರಲಿ: ಮೇಲಿನ ತೀರ್ಪಿನ ಪಕ್ಕ, ಕೋಷ್ಟಕದಲ್ಲಿ, ಪ್ರತಿ ಉತ್ಪನ್ನದ ಸಾಧಕಬಾಧಕ ಮುಗಿದ ಕಡೆ. ಪ್ರತಿ ಸಾಲಿನಲ್ಲೂ ಲಿಂಕ್ ತುರುಕಿದರೆ ಪುಟ ಜಾಹೀರಾತಿನ ಹಾಳೆಯಂತೆ ಕಾಣುತ್ತದೆ.

ಹಂತ 5: ಪ್ರೋಗ್ರಾಮ್ ಸರಿಯಾಗಿದೆಯೇ ನೋಡಿ

ಕಮಿಷನ್ ಶೇಕಡಾವಾರು ನೋಡಿ ಪ್ರೋಗ್ರಾಮ್ ಆರಿಸುವುದು ತುಂಬ ಸಾಮಾನ್ಯವಾದ ತಪ್ಪು. ನೋಡಬೇಕಾದದ್ದು ಇಪಿಸಿ, ಅಂದರೆ ಒಂದು ಕ್ಲಿಕ್‌ಗೆ ಸರಾಸರಿ ಎಷ್ಟು ಸಿಕ್ಕಿತು ಎಂಬ ಲೆಕ್ಕ. ಶೇ 10 ಕೊಡುವ ಅಂಗಡಿಯಲ್ಲಿ ನೂರಕ್ಕೆ ಒಬ್ಬರು ಕೊಂಡು, ಶೇ 4 ಕೊಡುವ ಅಂಗಡಿಯಲ್ಲಿ ಅದೇ ಬೆಲೆಯ ಸರಕನ್ನು ನೂರಕ್ಕೆ ಐವರು ಕೊಂಡರೆ, ಎರಡನೆಯದೇ ನಿಮಗೆ ಎರಡು ಪಟ್ಟು ಕೊಡುತ್ತದೆ. ಒಂದು ಮಾತು: ಕೆಲವು ನೆಟ್‌ವರ್ಕ್‌ಗಳು ಇಪಿಸಿಯನ್ನು 100 ಕ್ಲಿಕ್‌ಗೆ ಲೆಕ್ಕಹಾಕಿ ತೋರಿಸುತ್ತವೆ. ಹೋಲಿಸುವ ಮೊದಲು ಅಡಿಟಿಪ್ಪಣಿ ಓದಿ.

ಕುಕಿಯ ಅವಧಿಯನ್ನೂ ನೋಡಿ. ಓದುಗರು ನಿಮ್ಮ ಮೂಲಕ ಬಂದರೆಂದು ಬ್ರೌಸರ್‌ನಲ್ಲಿ ಉಳಿಯುವ ಗುರುತೇ ಕುಕಿ. ಅಮೆಜಾನ್‌ನಲ್ಲಿ ಸಾಮಾನ್ಯವಾಗಿ ಅದರ ಆಯಸ್ಸು 24 ಗಂಟೆ. ಬೇರೆ ಕಡೆ 30, 60, 90 ದಿನಗಳೂ ಉಂಟು. ಕೊಳ್ಳುವ ಮೊದಲು ಜನ ವಾರಗಟ್ಟಲೆ ಯೋಚಿಸುವ ದುಬಾರಿ ಸರಕಿಗೆ ಚಿಕ್ಕ ಕುಕಿ ನಷ್ಟದ ಬಾಬತ್ತು. ಹಾಗಂತ 90 ದಿನ ಎಂದು ಬರೆದದ್ದೆಲ್ಲ 90 ದಿನ ಬಾಳುವುದೂ ಇಲ್ಲ. ಸಫಾರಿ ಬ್ರೌಸರ್ 2020ರಿಂದ ಮೂರನೆಯವರ ಕುಕಿಗಳನ್ನು, ಅಂದರೆ ಓದುಗರು ತೆರೆದಿರುವ ಸೈಟಿನದಲ್ಲದ ಕುಕಿಗಳನ್ನು, ಪೂರ್ತಿ ತಡೆಯುತ್ತದೆ. ಬ್ರೌಸರ್‌ನ ಕುಕಿ ನೆಚ್ಚದೆ ಅಂಗಡಿಯ ಸರ್ವರ್‌ನಿಂದಲೇ ಮಾರಾಟದ ಲೆಕ್ಕ ಕಳಿಸುವ ಪ್ರೋಗ್ರಾಮ್ ಆದರೆ ಈ ಸೋರಿಕೆ ಕಡಿಮೆ, ಸೇರುವ ಮೊದಲು ಕೇಳಿ.

ಚಂದಾ ಆಧಾರಿತ ಸಾಫ್ಟ್‌ವೇರ್‌ಗಳಲ್ಲಿ ಗ್ರಾಹಕ ಇರುವವರೆಗೆ ತಿಂಗಳುತಿಂಗಳು ಕಮಿಷನ್ ಕೊಡುವವರೂ ಇದ್ದಾರೆ. ನಿಮ್ಮ ವಿಷಯಕ್ಕೆ ಹೊಂದಿದರೆ ಒಳ್ಳೆಯದು. ಹೊಂದದಿದ್ದರೆ ಬಲವಂತವಾಗಿ ತುರುಕಬೇಡಿ.

ಒಂದೇ ಪ್ರೋಗ್ರಾಮ್ ನೆಚ್ಚಿ ಕೂರಬೇಡಿ. 2020ರ ಏಪ್ರಿಲ್‌ನಲ್ಲಿ ಅಮೆಜಾನ್ ಅಮೆರಿಕದಲ್ಲಿ ಹಲವು ವಿಭಾಗಗಳ ದರ ಕತ್ತರಿಸಿತು. ಪೀಠೋಪಕರಣಗಳ ಕಮಿಷನ್ ಶೇ 8ರಿಂದ ಶೇ 3ಕ್ಕೆ ಇಳಿಯಿತು. ಆ ಒಂದೇ ಬುಟ್ಟಿಯಲ್ಲಿ ಎಲ್ಲವನ್ನೂ ಇಟ್ಟಿದ್ದವರ ಆದಾಯ ಅದೇ ಓದುಗರು, ಅದೇ ಕ್ಲಿಕ್‌ಗಳಿದ್ದೂ ಅರ್ಧಕ್ಕಿಂತ ಕೆಳಗೆ ಬಿತ್ತು.

ಇನ್ನು, ಹೆಚ್ಚು ಕಮಿಷನ್ ಕೇಳಿ. ತಿಂಗಳುತಿಂಗಳು ಸ್ಥಿರವಾಗಿ ಮಾರಾಟ ಕೊಡುತ್ತಿದ್ದರೆ, ವಾಪಸಾತಿ ಕಡಿಮೆ ಇದ್ದರೆ, ಅಂಕಿಗಳ ಸಮೇತ ಪ್ರೋಗ್ರಾಮ್ ನಡೆಸುವವರಿಗೆ ನಾಲ್ಕು ಸಾಲಿನ ಇಮೇಲ್ ಹಾಕಿ. ನೇರವಾಗಿ ಬ್ರಾಂಡ್‌ನವರೇ ನಡೆಸುವ ಪ್ರೋಗ್ರಾಮ್‌ಗಳಲ್ಲಿ ದರ ಏರಿಸುವುದುಂಟು. ಇಲ್ಲ ಎಂದರೂ ಕಳೆದುಕೊಳ್ಳುವುದು ಏನೂ ಇಲ್ಲ.

ಹಂತ 6: ಲಿಂಕುಗಳ ಆರೋಗ್ಯ ತಪಾಸಣೆ

ಉತ್ಪನ್ನ ನಿಂತುಹೋಗುತ್ತದೆ, ಅಂಗಡಿಯ ವಿಳಾಸ ಬದಲಾಗುತ್ತದೆ, ಪ್ರೋಗ್ರಾಮ್ ಬಾಗಿಲು ಮುಚ್ಚುತ್ತದೆ. ನಿಮ್ಮ ಲಿಂಕ್ ಮಾತ್ರ ಎಲ್ಲ ಸರಿಯಿರುವಂತೆ ಅಲ್ಲೇ ಕೂತಿರುತ್ತದೆ. ತಿಂಗಳಿಗೊಮ್ಮೆ ಸತ್ತ ಲಿಂಕ್ ಹುಡುಕುವ ಸಾಧನ ಓಡಿಸಿ. ಸಾಧನ ‘ಸರಿ ಇದೆ’ ಎಂದರೂ ಮುಖ್ಯ ಪುಟಗಳ ಲಿಂಕನ್ನು ಕೈಯಾರೆ ಒತ್ತಿ ನೋಡಿ. ‘ಸದ್ಯ ಲಭ್ಯವಿಲ್ಲ’ ಎಂಬ ಪುಟವೂ ಸಾಧನದ ಕಣ್ಣಿಗೆ ಜೀವಂತ ಪುಟವೇ.

ಲಿಂಕುಗಳನ್ನು ಒಂದೇ ಕಡೆಯಿಂದ ನಿರ್ವಹಿಸಲು ರೀಡೈರೆಕ್ಟ್ ಬಳಸುವವರಿದ್ದಾರೆ: ನಿಮ್ಮ ಸೈಟಿನದೇ ಚಿಕ್ಕ ವಿಳಾಸ, ಒತ್ತಿದರೆ ಅಂಗಡಿಗೆ ಹೋಗುತ್ತದೆ. ಅದಕ್ಕೆ 302, ಅಂದರೆ ತಾತ್ಕಾಲಿಕ ರೀಡೈರೆಕ್ಟ್ ಬಳಸಿ. 301 ಶಾಶ್ವತದ್ದು, ಬ್ರೌಸರ್ ಅದನ್ನು ನೆನಪಿಟ್ಟುಕೊಳ್ಳುವುದರಿಂದ ನೀವು ಗುರಿ ಬದಲಿಸಿದರೂ ಹಳೆಯ ಓದುಗರು ಹಳೆಯ ಕಡೆಗೇ ಹೋಗಬಹುದು. ಅಮೆಜಾನ್ ಲಿಂಕುಗಳಿಗೆ ಮಾತ್ರ ಈ ತಂತ್ರ ಬೇಡ. ಲಿಂಕ್ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮರೆಮಾಚುವುದಕ್ಕೆ ಅವರ ನಿಯಮದಲ್ಲಿ ಅವಕಾಶವಿಲ್ಲ.

ಪ್ರತಿ ಅಫಿಲಿಯೇಟ್ ಲಿಂಕಿನ ಕೋಡ್‌ನಲ್ಲೂ ‘ಸ್ಪಾನ್ಸರ್ಡ್’ ಎಂಬ ರೆಲ್ (rel) ಗುರುತು ಹಾಕಿ. ಇದು ಹಣದ ಸಂಬಂಧವಿರುವ ಲಿಂಕ್ ಎಂದು ಹುಡುಕುಯಂತ್ರಕ್ಕೆ ತಿಳಿಸಲು 2019ರಲ್ಲಿ ಗೂಗಲ್ ತಂದ ಗುರುತು. ಹಳೆಯ ‘ನೋಫಾಲೋ’ ಗುರುತು ಇದ್ದರೂ ನಡೆಯುತ್ತದೆ.

ಹಂತ 7: ವೇಗ

ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಪ್ರತಿಕ್ರಿಯೆ ಬರಬೇಕು, ಓದುವಾಗ ಸಾಲುಗಳು ಮೇಲೆ ಕೆಳಗೆ ಜಿಗಿಯಬಾರದು. ಗೂಗಲ್‌ನ ಕೋರ್ ವೆಬ್ ವೈಟಲ್ಸ್ ಅಳತೆಗಳು ಹೇಳುವುದು ಇದನ್ನೇ. ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ಉಚಿತವಾಗಿ ನೋಡಬಹುದು. ಹೆಚ್ಚಿನ ಸೈಟ್‌ಗಳಲ್ಲಿ ತಪ್ಪಿತಸ್ಥರು ಇಬ್ಬರೇ: ಕುಗ್ಗಿಸದ ಭಾರೀ ಚಿತ್ರಗಳು ಮತ್ತು ಬೇಡದ ಪ್ಲಗಿನ್‌ಗಳು. ಅಂಕ ನೂರಕ್ಕೆ ನೂರು ಮಾಡಲು ವಾರಗಟ್ಟಲೆ ಕೂರುವುದು ಹವ್ಯಾಸವಾದೀತೇ ಹೊರತು ಅದರಿಂದ ಕಮಿಷನ್ ಏರದು.

ಹಂತ 8: ಹೋಗುವವರ ಇಮೇಲ್ ಪಡೆಯಿರಿ

ಮೊದಲ ಭೇಟಿಯಲ್ಲೇ ಕೊಳ್ಳುವವರು ಕಡಿಮೆ. ಹುಡುಕಾಟದ ಸ್ಥಾನ ಒಂದು ಅಪ್‌ಡೇಟ್‌ಗೆ ಕುಸಿದರೂ ಇಮೇಲ್ ಪಟ್ಟಿ ನಿಮ್ಮ ಬಳಿಯೇ ಇರುತ್ತದೆ. ‘ಸುದ್ದಿಪತ್ರಕ್ಕೆ ಚಂದಾದಾರರಾಗಿ’ ಎಂದರೆ ಯಾರೂ ಕೊಡುವುದಿಲ್ಲ. ‘ಪ್ರಿಂಟರ್ ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆಗಳು, ಒಂದು ಪುಟದಲ್ಲಿ’ ಎಂದರೆ ಕೊಡುತ್ತಾರೆ. ಇಮೇಲ್‌ನಲ್ಲಿ ನೇರ ಅಫಿಲಿಯೇಟ್ ಲಿಂಕ್ ಹಾಕಲು ಎಲ್ಲ ಪ್ರೋಗ್ರಾಮ್‌ಗಳೂ ಒಪ್ಪುವುದಿಲ್ಲ. ನಿಯಮ ಓದಿ, ಅನುಮಾನವಿದ್ದರೆ ನಿಮ್ಮದೇ ಪುಟದ ಲಿಂಕ್ ಕಳಿಸಿ. ಒಪ್ಪಿಗೆ ಕೊಡದವರಿಗೆ ಕಳಿಸಲೇಬೇಡಿ, ಪಟ್ಟಿಯಿಂದ ಹೊರಹೋಗುವ ಲಿಂಕ್ ಪ್ರತಿ ಇಮೇಲ್‌ನಲ್ಲೂ ಇರಲಿ.

ಹಂತ 9: ಖಾತೆ ಮುಚ್ಚಿಸುವ ತಪ್ಪುಗಳು

ಆದಾಯ ಏರಿಸುವ ಭರದಲ್ಲಿ ಖಾತೆಯನ್ನೇ ಕಳೆದುಕೊಂಡವರಿದ್ದಾರೆ. ಹೆಚ್ಚಾಗಿ ಆಗುವುದು ಇವು:

- ಸ್ವಂತ ಲಿಂಕಿನಿಂದ ತಾವೇ ಕೊಳ್ಳುವುದು. ಅಮೆಜಾನ್ ಸೇರಿ ಹಲವು ಪ್ರೋಗ್ರಾಮ್‌ಗಳಲ್ಲಿ ನಿಷಿದ್ಧ. ‘ನನ್ನ ಲಿಂಕಿನಿಂದ ಕೊಂಡು ನನಗೆ ಸಹಾಯ ಮಾಡಿ’ ಎಂದು ಬೇಡುವುದೂ ಅಪಾಯ.
- ಬೆಲೆಯನ್ನು ಕೈಯಾರೆ ಬರೆದಿಡುವುದು. ಬೆಲೆ ದಿನಕ್ಕೆ ಹಲವು ಸಲ ಬದಲಾಗುವ ಕಡೆ ನಿಮ್ಮ ಪುಟದ ಬೆಲೆ ಸುಳ್ಳಾಗುತ್ತದೆ. ಅಮೆಜಾನ್ ತಾನೇ ಒದಗಿಸಿದ, ಅಂದರೆ ಎಪಿಐನಂಥ (ಸೈಟಿಗೆ ಮಾಹಿತಿ ತಾನಾಗಿ ಕಳಿಸುವ) ತನ್ನ ವ್ಯವಸ್ಥೆಯಿಂದ ಬಂದ ಬೆಲೆಯನ್ನಷ್ಟೇ ತೋರಿಸಲು ಬಿಡುತ್ತದೆ.
- ಬ್ರಾಂಡ್ ಹೆಸರನ್ನು ಹುಡುಕುವವರಿಗೆ ಕಾಣುವಂತೆ ಹುಡುಕಾಟದ ಜಾಹೀರಾತು ಕೊಳ್ಳುವುದು. ಬಹಳಷ್ಟು ಕಂಪನಿಗಳು ಒಪ್ಪುವುದಿಲ್ಲ.
- ಯಂತ್ರದಿಂದ ನೂರಾರು ವಿಮರ್ಶೆ ಉತ್ಪಾದಿಸುವುದು. ಹುಡುಕಾಟದ ಸ್ಥಾನಕ್ಕೆಂದೇ ರಾಶಿ ಹಾಕಿದ ಬರಹವನ್ನು 2024ರ ಮಾರ್ಚ್‌ನಲ್ಲಿ ಗೂಗಲ್ ತನ್ನ ಸ್ಪ್ಯಾಮ್ ನೀತಿಯಲ್ಲಿ ಹೆಸರಿಸಿಯೇ ಸೇರಿಸಿತು.
- ಕಮಿಷನ್ ಸಂಬಂಧವನ್ನು ಮುಚ್ಚಿಡುವುದು. ಅಮೆರಿಕದ ಎಫ್‌ಟಿಸಿ (ಗ್ರಾಹಕರ ಹಿತ ಕಾಯುವ ಫೆಡರಲ್ ಟ್ರೇಡ್ ಕಮಿಷನ್) ಸೇರಿದಂತೆ ಹಲವು ದೇಶಗಳ ನಿಯಂತ್ರಕರು ಇದನ್ನು ಓದುಗರಿಗೆ ಸ್ಪಷ್ಟವಾಗಿ ತಿಳಿಸಬೇಕೆನ್ನುತ್ತಾರೆ. ಪುಟದ ತಳದಲ್ಲಿ ಇರುವೆಯಷ್ಟು ಅಕ್ಷರದಲ್ಲಿ ಬರೆದರೆ ಲೆಕ್ಕಕ್ಕಿಲ್ಲ. ‘ಈ ಲಿಂಕಿನಿಂದ ಕೊಂಡರೆ ನನಗೆ ಕಮಿಷನ್ ಸಿಗುತ್ತದೆ’ ಎಂದು ಮೊದಲ ಲಿಂಕಿಗಿಂತ ಮೇಲೆ, ಲೇಖನದ ಭಾಷೆಯಲ್ಲೇ ಬರೆಯಿರಿ.

ಹಂತ 10: ಬದಲಾವಣೆ ಫಲಿಸಿತೇ ಎಂದು ಅಳೆಯಿರಿ

ಒಂದು ಪುಟದಲ್ಲಿ ಒಂದು ಸಲಕ್ಕೆ ಒಂದೇ ದೊಡ್ಡ ಬದಲಾವಣೆ ಮಾಡಿ, ದಿನಾಂಕ ಬರೆದಿಡಿ. ತೀರ್ಪು ಮೇಲೆ ತಂದದ್ದು, ಕೋಷ್ಟಕ ಬದಲಿಸಿದ್ದು, ಪ್ರೋಗ್ರಾಮ್ ಬದಲಿಸಿದ್ದು ಮೂರೂ ಒಂದೇ ದಿನವಾದರೆ ಯಾವುದು ಕೆಲಸ ಮಾಡಿತೆಂದು ಯಾರೂ ಹೇಳಲಾರರು.

ಚಿಕ್ಕ ಸೈಟಿನಲ್ಲಿ ಮಾರಾಟದ ಸಂಖ್ಯೆ ನಂಬಿ ಬೇಗ ತೀರ್ಮಾನಿಸಬೇಡಿ. ಹೋದ ವಾರ 2, ಈ ವಾರ 4 ಎಂದರೆ ಎರಡು ಪಟ್ಟಾಯಿತು ಎಂದಲ್ಲ, ಆಕಸ್ಮಿಕವಿರಬಹುದು. ಇಂಥಲ್ಲಿ ಲಿಂಕ್ ಒತ್ತಿದವರ ಪ್ರಮಾಣ ನೋಡಿ. ಅದರ ಸಂಖ್ಯೆ ದೊಡ್ಡದು, ಸುಳ್ಳು ಹೇಳುವುದು ಕಡಿಮೆ. ಮಾರಾಟವನ್ನು ಕನಿಷ್ಠ ಎರಡು ಮೂರು ತಿಂಗಳಿಗೆ ಒಟ್ಟು ಮಾಡಿ ನೋಡಿ. ವರ್ಷದ ಕೆಲವು ತಿಂಗಳಲ್ಲಿ ಎಲ್ಲರ ಮಾರಾಟವೂ ತಾನಾಗಿ ಏರುತ್ತದೆ, ಆದ್ದರಿಂದ ಹೋಲಿಕೆ ಹಿಂದಿನ ವರ್ಷದ ಅದೇ ತಿಂಗಳ ಜೊತೆಗಿರಲಿ.

ವರದಿಯಲ್ಲಿ ‘ಬಾಕಿ’ ಎಂದು ಕಾಣುವ ಕಮಿಷನ್ನನ್ನು ಲೆಕ್ಕಕ್ಕೆ ಹಿಡಿಯಬೇಡಿ. ವಾಪಸಾತಿಯ ಅವಧಿ ಮುಗಿದು ‘ಅನುಮೋದಿತ’ ಎಂದಾದ ಮೇಲೆಯೇ ಅದು ನಿಮ್ಮ ಹಣ. ಬಾಕಿಗೂ ಅನುಮೋದಿತಕ್ಕೂ ನಡುವಿನ ಅಂತರ ಯಾವುದಾದರೂ ಒಂದು ಉತ್ಪನ್ನದಲ್ಲಿ ವಿಪರೀತ ದೊಡ್ಡದಿದ್ದರೆ, ಜನ ಅದನ್ನು ಕೊಂಡು ವಾಪಸ್ ಕಳಿಸುತ್ತಿದ್ದಾರೆ ಎಂದರ್ಥ. ಆ ಉತ್ಪನ್ನದ ಪುಟ ತೆರೆದು ಮತ್ತೆ ನಾಲ್ಕನೇ ಹಂತಕ್ಕೆ ಹೋಗಿ, ಇಲ್ಲವೇ ಅದನ್ನು ಪಟ್ಟಿಯಿಂದಲೇ ತೆಗೆಯಿರಿ.